ಗಿಟ್ಲ್ ಅಜ್ಜಿ ತೀರಿಕೊಂಡ ದಿನ ಚೆಲ್ಲಿದ ನೀರು

ಲೊಝಿವ್ಕಾ, ಕೀವ್ ಪ್ರಾಂತ
ಆಗಸ್ಟ್ ೧೮೯೨, ಗುರುವಾರ

ನನ್ನ ಮಕ್ಕಳ ಪ್ರೀತಿಯ ಅಪ್ಪನಿಗೆ,

ನಿಮ್ಮ ಕೆಮ್ಮು ಹೇಗಿದೆ? ಬೆರ್ದಿಚೆವ್‌ನ ಆ ಹೊಲಿಗೆ ಅಂಗಡಿಯಲ್ಲಿ ಕಿಟಕಿಯ ಹತ್ತಿರ ಕೂರುತ್ತೀರೋ, ಇಲ್ಲ ಅಲ್ಲಿಯೂ ಜಾಗವನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದೀರೋ? ನಿಮ್ಮನ್ನು ನಾನು ಬಲ್ಲೆ. ನಿಮ್ಮ ಅಮ್ಮ ಹಾಸಿಗೆ ಬಿಟ್ಟು ಎದ್ದಿಲ್ಲ. ಆದರೆ ನನ್ನ ಸಾರಿಗೆ ಉಪ್ಪು ಸಾಲದೆಂದು ಹೇಳುವಷ್ಟು ಶಕ್ತಿ ಇದೆ, ಹೆದರಬೇಡಿ. ದೊಡ್ಡವಳು ಹೋದೆಸ್ ಚೆನ್ನಾಗಿದ್ದಾಳೆ. ಚಿಕ್ಕವಳು ರಿವ್ಕೆಗೆ ಮುಂದಿನ ಹಲ್ಲು ಬಿದ್ದಿದೆ. ಅಪ್ಪ ಬರುವ ತನಕ ನಗುವುದಿಲ್ಲವೆಂದು ಬಾಯಿ ಮುಚ್ಚಿಕೊಂಡು ಓಡಾಡುತ್ತಾಳೆ.

ಸೋಮವಾರ ಪಕ್ಕದ ಮನೆಯ ಗಿಟ್ಲ್ ಅಜ್ಜಿ ತೀರಿಕೊಂಡರು. ಕಾಲರಾ ಅಲ್ಲ, ವಯಸ್ಸು. ನಮ್ಮ ಪದ್ಧತಿಯಂತೆ ಅವರ ಮನೆಯಲ್ಲೂ ಅಕ್ಕಪಕ್ಕದ ಮನೆಗಳಲ್ಲೂ ತುಂಬಿಟ್ಟ ನೀರನ್ನೆಲ್ಲ ಬೀದಿಗೆ ಚೆಲ್ಲಿದೆವು. ಊರಲ್ಲಿ ಕಾಲರಾ ಇರುವಾಗ ನೋಡುವವರಿಗೆ ಏನನ್ನಿಸೀತೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಅಳುವವರಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ಯೆಹೂದಿಗಳು ಬಾವಿಗೆ ವಿಷ ಹಾಕಿ ಮಿಕ್ಕಿದ್ದನ್ನು ಬೀದಿಗೆ ಸುರಿದರೆಂದು ಸಂತೆಬೀದಿಯೆಲ್ಲ ಮಾತಾಯಿತು. ಜನ ದೊಣ್ಣೆ ಹಿಡಿದು ಬಂದರು. ಪೀಪಾಯಿ ಮಾಡುವ ಓಸ್ತಾಪ್ ಕೂಡ ಇದ್ದ, ಅವನ ಮಗಳ ಮದುವೆಗೆಂದು ನೀವು ಹೊಲಿದುಕೊಟ್ಟ ಅಂಗಿಯನ್ನೇ ತೊಟ್ಟು. ನನ್ನ ಮುಖ ಮಾತ್ರ ನೋಡಲಿಲ್ಲ.

ಎದುರುಮನೆಯ ಪರಾಸ್ಕಾ ಅಡ್ಡ ನಿಂತಳು. "ಹುಟ್ಟಿದಾಗಿಂದ ನೋಡ್ತಿದೀನಿ, ಇವ್ರಲ್ಲಿ ಸಾವಾದ್ರೆ ನೀರು ಚೆಲ್ತಾರೆ. ಇಷ್ಟು ವರ್ಷ ನಿಮಗೇನಾದ್ರೂ ವಾಂತಿಭೇದಿ ಆಯ್ತೇನ್ರೋ?" ಎಂದು ಕೇಳಿ, ನಮ್ಮ ಕೊಡದ ತಳದಲ್ಲಿ ಉಳಿದಿದ್ದ ನೀರನ್ನು ಎಲ್ಲರೆದುರು ಗಟಗಟ ಕುಡಿದಳು. ಜನ ಹೋದರು. ಭಾನುವಾರ ಚರ್ಚು ಮುಗಿಸಿ ಮತ್ತೆ ಬರುತ್ತೇವೆಂದು ಹೇಳಿಯೇ ಹೋದರು.

ಇದೇನು ಹೊಸದೇ ಎನ್ನುತ್ತಾರೆ ನಿಮ್ಮ ಅಮ್ಮ. ಐನೂರು ವರ್ಷದ ಹಿಂದೆ ಮಹಾಮಾರಿ ಬಂದಾಗಲೂ ಇದೇ ಬಾವಿಯ ಮಾತು, ಇದೇ ವಿಷದ ಮಾತು. ನಮ್ಮವರೂ ಅದೇ ರೋಗದಲ್ಲಿ ಸಾಯುತ್ತಿದ್ದುದು ಯಾರಿಗೂ ಕಾಣಲಿಲ್ಲ. ತಮ್ಮ ದೇವರನ್ನು ಶಿಲುಬೆಗೇರಿಸಿ ಕೊಂದವರು ನಾವೆಂದು ಪ್ರತಿ ಈಸ್ಟರಿಗೂ ಚರ್ಚಿನಲ್ಲಿ ಕೇಳಿ ಬೆಳೆದ ಜನ ಇವರು. ನಮಗೆ ಹೊಲ ಉಳುವ ಹಕ್ಕು ಕೊಡಲಿಲ್ಲ. ಒಡೆಯ ತಾನು ಮಹಲಿನೊಳಗೆ ಕೂತು, ಗೇಣಿ ವಸೂಲಿಗೆ ನಿಮ್ಮ ಮುತ್ತಜ್ಜನನ್ನು ರೈತರ ಬಾಗಿಲಿಗೆ ಅಟ್ಟಿದ. ರೈತರಿಗೆ ಕಂಡದ್ದು ಮುತ್ತಜ್ಜನ ಗಡ್ಡ ಮಾತ್ರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನನಗೆ ಸಿಟ್ಟು ಬರುತ್ತದೆ, ಆಮೇಲೆ ಅಳು ಬರುತ್ತದೆ, ಆಮೇಲೆ ನಿಮ್ಮನ್ನು ನೋಡಬೇಕೆನಿಸುತ್ತದೆ.

ಈಗ ನನ್ನ ಚಿಂತೆ ಹುಡುಗಿಯರದೊಂದೇ. ಊರು ಬಿಡುವ ನಮ್ಮವರ ಗಾಡಿಗಳನ್ನು ಸೇತುವೆಯ ಬಳಿ ತಡೆದು ಹೊಡೆಯುತ್ತಿದ್ದಾರೆ. ನಿಮ್ಮ ಅಮ್ಮನನ್ನು ಬಿಟ್ಟು ನಾನಂತೂ ಬರಲಾರೆ.

ನಿಮ್ಮ ಕಣ್ಣನ್ನೂ ಕೈಯನ್ನೂ ದೇವರು ಚೆನ್ನಾಗಿಟ್ಟಿರಲಿ.

ನಿಮ್ಮ
ಫ್ರುಮೆಟ್

ಇನ್ನೊಂದು ಮಾತು: ಕಾಗದ ಮಡಚುವಷ್ಟರಲ್ಲಿ ಪರಾಸ್ಕಾ ಬಂದಳು. "ನನ್ನ ಮಕ್ಕಳು ಅಂತ ಹೇಳಿ ಸೇತುವೆ ದಾಟಿಸ್ತೀನಿ, ಕೊಡು" ಎಂದಳು. ಕೊಟ್ಟೆ. ಈ ಕಾಗದವೂ ಅವಳ ಕೈಯಲ್ಲೇ ಬರುತ್ತಿದೆ. ನೀವು ಓದುವಾಗ ಹುಡುಗಿಯರು ಅವಳ ಬೆನ್ನ ಹಿಂದೆ ನಿಂತಿರುತ್ತಾರೆ. ಅವರ ಕೊರಳಲ್ಲಿ ಶಿಲುಬೆ ಇದೆ. ಬಯ್ಯಬೇಡಿ, ಕಿತ್ತೆಸೆಯಬೇಡಿ, ಮೆಲ್ಲಗೆ ಬಿಚ್ಚಿ ಪರಾಸ್ಕಾಳ ಕೈಗೆ ಕೊಡಿ. ಒಂದು ಅವಳ ಮಗಳದು, ಇನ್ನೊಂದು ಅವಳದೇ. ರೋಗದಿಂದ ಕಾಯುವುದು ಕೊರಳ ಶಿಲುಬೆಯೇ ಎಂದು ನಂಬಿದವಳು, ಈ ಕಾಲರಾ ದಿನಗಳಲ್ಲಿ ಬರಿಗೊರಳಲ್ಲಿ ಬಂದಿದ್ದಾಳೆ.