ಮಾರಿಷಸ್ಸಿನ ಬೆಟ್ಟ, ನಮ್ಮ ಮನೆಯ ಬೆಲ್ಲು

ಮ್ಯಾನ್‌ಹೈಮ್, ೪ ನವೆಂಬರ್ ೨೦೦೨, ಸೋಮವಾರ

ಅವಲಕ್ಕಿಗೆ ಒಗ್ಗರಣೆ ಹಾಕಿ, ಇವರನ್ನು ಏಳು ಹತ್ತರ ಟ್ರಾಮಿಗೆ ಅಟ್ಟಿ ಕೂತೆ. ಟೇಬಲ್ ತುಂಬ ಮಾರಿಷಸ್.

ಜರ್ಮನ್ ಕ್ಲಾಸಿನಲ್ಲಿ ಆ ದ್ವೀಪದ ಮೇಲೆ ಹತ್ತು ನಿಮಿಷ ಮಾತಾಡಬೇಕಿತ್ತು. ಬ್ರೋಶರ್ ಕೇಳಲು ಟ್ರಾಮ್ ಸ್ಟಾಪಿನ ಪಕ್ಕದ ಟ್ರಾವೆಲ್ ಆಫೀಸಿಗೆ ಹೋದವಳು, ಅದರ ಒಡತಿ ಫ್ರಾವ್ ಬ್ರುಕ್ನರ್‌ಗೇ ಒಂದು ಗಂಟೆ ಕಥೆ ಹೇಳಿ ಬಂದೆ. ಈಗ ಕೆಲಸವನ್ನೇ ಕೊಡುತ್ತಾರಂತೆ! ಡಿಸೆಂಬರ್ ಎರಡರಿಂದ, ಅರ್ಧ ದಿನ. ಮಾರಿಷಸ್ಸಿಗೆ ಹೊರಟವರನ್ನು ಸಂಜೆ ಕೂರಿಸಿಕೊಂಡು ಅಲ್ಲಿನ ಇತಿಹಾಸ ಹೇಳುವುದು. ಧಾರವಾಡದ ಹಿಸ್ಟರಿ ಎಂ.ಎ. ಕೊನೆಗೂ ಟ್ರಂಕಿನಿಂದ ಹೊರಬಂತು.

ಕಾಟ ಒಂದೇ — ವರ್ಕ್ ಪರ್ಮಿಟ್. ಕಂಪ್ಯೂಟರಿನವರಿಗೆ ಜರ್ಮನಿ ಕೊಡುವ ಗ್ರೀನ್ ಕಾರ್ಡಿನಲ್ಲಿ ಬಂದ ಗಂಡನ ಬೆನ್ನಿಗೆ ಬಂದ ಹೆಂಡತಿ ಮೊದಲ ವರ್ಷ ದುಡಿಯುವ ಹಾಗಿಲ್ಲ. ಪಾಸ್‌ಪೋರ್ಟಿನಲ್ಲೇ ಠಸ್ಸೆ: ‘ನಿಖ್ಟ್ ಗೆಶ್ಟಾಟೆಟ್’. ಅನುಮತಿ ಇಲ್ಲ. ವರ್ಷವೇನೋ ಮುಗಿಯಿತು, ಅರ್ಜಿಯೂ ಹಾಕಿಯಾಯಿತು. ಇಪ್ಪತ್ತೊಂಬತ್ತರೊಳಗೆ ಪರ್ಮಿಟ್ ತಂದು ತೋರಿಸಬೇಕು. ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ ಎಂದು ಫ್ರಾವ್ ಬ್ರುಕ್ನರ್ ಮುಲಾಜಿಲ್ಲದೆ ಹೇಳಿದ್ದಾರೆ.

೭ ನವೆಂಬರ್

ಪರ್ಮಿಟ್ ಬಂದಿಲ್ಲ. ದ್ವೀಪ ಇದೆ.

ಎಂಥ ದ್ವೀಪ ಇದು! ಡಚ್ಚರು ಬಂದರು, ಕರಿಮರ ಕಡಿದರು. ಅವರಿದ್ದಾಗಲೇ ಪಾಪದ ಡೋಡೋ ಹಕ್ಕಿಯ ಕಥೆಯೂ ಮುಗಿಯಿತು. ಆಮೇಲೆ ಫ್ರೆಂಚರು, ಅವರ ಕಬ್ಬು, ಕಬ್ಬಿಗೆ ಗುಲಾಮರು. ಆಮೇಲೆ ಇಂಗ್ಲಿಷರು, ನಮ್ಮ ದೇಶದ ಕೂಲಿಗಳು. ಹಡಗಿನಿಂದ ಇಳಿದು ಹದಿನಾರು ಮೆಟ್ಟಿಲು ಹತ್ತಿದರೆ ಮುಗಿಯಿತು, ಹೆಸರಿನ ಜೊತೆ ಒಂದು ನಂಬರು.

ಆ ಜನ ಬರೀ ಕಬ್ಬು ಕಡಿಯಲಿಲ್ಲ. ಬೆಟ್ಟದ ಮೇಲೊಂದು ಕೆರೆ ಕಂಡರು. ಶಿವ ಗಂಗೆಯನ್ನು ಹೊತ್ತು ಆಕಾಶದಲ್ಲಿ ಹೋಗುವಾಗ ನಾಲ್ಕು ಹನಿ ತುಳುಕಿ ಇದಾಯಿತು ಎಂದರು. ಊರಿಗೆ ಹೋಗಲಾಗದವರು ಗಂಗೆಯನ್ನೇ ಕರೆಸಿಕೊಂಡರು. ಎದೆ ತುಂಬಿ ಬಂತು. ನಾನಿಲ್ಲಿ ಕರಿಬೇವಿಗೆ ಅಳುತ್ತೇನೆ. ನಾಚಿಕೆಯಾಯಿತು.

೧೪ ನವೆಂಬರ್, ಬೆಳಿಗ್ಗೆ ೧೧

ಬೆಲ್ಲು.

ಮೇಲಿನ ಮನೆಯ ಗೌರಕ್ಕ, ಬಾಗಲಕೋಟೆಯವರು, ಮೊದಲ ವಾರವೇ ಪಾಠ ಮಾಡಿದ್ದರು. ಈ ದೇಶದಲ್ಲಿ ಟಿವಿ ಇಟ್ಟರೆ ಫೀ ಕಟ್ಟಬೇಕು. ನಮ್ಮದು ಸೆಕೆಂಡ್ ಹ್ಯಾಂಡ್ ಟಿವಿ, ರಿಜಿಸ್ಟರ್ ಮಾಡಿಸಿಲ್ಲ. “ಫೀ ಕೇಳಾವ್ರು ಮನೀ ತನಕಾ ಬರ್ತಾರ. ಬೆಲ್ ಆತಂದ್ರ ಮೊದ್ಲ ಟಿವಿ ಬಂದ್ ಮಾಡು. ಉಸರ ಬಿಡಬ್ಯಾಡ. ಯಾರೂ ಇಲ್ಲಂತ ತಿಳಕೊಂಡು ಹೋಗ್ತಾರ.”

ಟಿವಿ ಆರಿಸಿದೆ. ಬಗ್ಗಿ ಬೀಗದ ತೂತಿನಲ್ಲಿ ನೋಡಿದರೆ ನೀಲಿ ಯೂನಿಫಾರ್ಮಿನ ಪ್ಯಾಂಟು. ಮೂರು ಸಲ ಬಾರಿಸಿದ. “ಹಲೋ?” ಎಂದ. ಕುಕ್ಕರಿನ ಸೀಟಿ ಎಲ್ಲಿ ಕೂಗುತ್ತದೋ ಎಂದು ನನಗೆ ಬೆವರು. ಹೋದ.

ಆಮೇಲೆ ಕೆಳಗಿನ ಡಬ್ಬಿಯಲ್ಲಿ ಒಂದು ಚೀಟಿ. ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ. ಗೌರಕ್ಕ ಕನ್ನಡಕವಿಲ್ಲದೆಯೇ ಓದಿದರು. “ಅವರದ ಇದು. ನಿನ್ನ ಗಂಡಗ ತೋರಸಬ್ಯಾಡ, ಗಂಡಸರು ಭಾಳ ಅಂಜತಾರ.” ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಟ್ಟೆ.

೧೯ ನವೆಂಬರ್

ಪರ್ಮಿಟ್ ಇಲ್ಲ. ಅದನ್ನು ಕೊಡುವ ಆಫೀಸಿಗೆ ಇವರು ಎರಡು ದಿನ ಫೋನ್ ಮಾಡಿದರು, ಲೈನ್ ಸಿಗಲಿಲ್ಲ. “ಇಲ್ಲಿ ಎಲ್ಲಾ ಬರ್ತದ ಮಧು, ತಡಾ ಆಗ್ತದ ಅಷ್ಟ.” ಬಸವಪ್ರಸಾದರಿಗೇನು, ಕೆಲಸ ಇದೆ, ಸಮಾಧಾನವೂ ಇದೆ. ನನಗೆ ಎರಡೂ ಇಲ್ಲ. ರೇಗಿದೆ. ಪಾಪ, ಆಮೇಲೆ ಪಾತ್ರೆ ತೊಳೆದರು.

೨೧ ನವೆಂಬರ್, ಸಂಜೆ ೫

ಲ ಮೋರ್ನ್. ದ್ವೀಪದ ಮೂಲೆಯಲ್ಲಿ ಸಮುದ್ರಕ್ಕೆ ಮುಖ ಮಾಡಿದ ಕಡಿದಾದ ಬೆಟ್ಟ. ಬ್ರೋಶರಿನಲ್ಲಿ ಅದರ ಕೆಳಗೇ ಹೋಟೆಲು, ಈಜುಕೊಳ. ಲೈಬ್ರರಿಯ ಪುಸ್ತಕದಲ್ಲಿ ಬೇರೆ ಕಥೆ. ಓಡಿಹೋದ ಗುಲಾಮರು ಅದರ ತುದಿಯಲ್ಲಿ ಅಡಗಿದ್ದರಂತೆ. ಆ ತುದಿಯಲ್ಲಿ ಬದುಕು ಕಟ್ಟಿದ ಗಟ್ಟಿ ಜನ. ಗುಲಾಮಗಿರಿ ರದ್ದಾಯಿತು ಎಂದು ತಿಳಿಸಲು ಸಿಪಾಯಿಗಳು ಬೆಟ್ಟ ಹತ್ತಿದರು. ಮೇಲಿದ್ದವರಿಗೆ ಕಂಡದ್ದು ಯೂನಿಫಾರ್ಮು. ಹಿಡಿಯಲು ಬಂದರು ಎಂದುಕೊಂಡು ಸಮುದ್ರಕ್ಕೆ ಹಾರಿಬಿಟ್ಟರು. ಬಿಡುಗಡೆಯ ಸುದ್ದಿ ಅರ್ಧ ಬೆಟ್ಟದಲ್ಲೇ ಉಳಿಯಿತು. ದಾಖಲೆ ಇಲ್ಲ, ಜನ ಹೇಳುವ ಕಥೆ. ಆದರೂ ಓದಿ ಕಣ್ಣೀರು ತಡೆಯಲಾಗಲಿಲ್ಲ.

ಮೂಗು ಒರೆಸಿಕೊಂಡೆ. ಆಗ ಹೊಳೆಯಿತು... ನೀಲಿ ಪ್ಯಾಂಟು.

ಹಿಟ್ಟಿನ ಡಬ್ಬಿ ಮಗುಚಿದೆ. ಚೀಟಿ ಕೊಡವಿ, ಡಿಕ್ಷನರಿ ಹಿಡಿದು ಒಂದೊಂದೇ ಶಬ್ದ ಓದಿದೆ. ರಿಜಿಸ್ಟರ್ಡ್ ಪತ್ರ. ಮನೆಯಲ್ಲಿ ಯಾರೂ ಇರಲಿಲ್ಲ. ಪೋಸ್ಟ್ ಆಫೀಸಿಗೆ ಬಂದು ಒಯ್ಯಿರಿ. ಏಳು ಕೆಲಸದ ದಿನ ಮಾತ್ರ, ಆಮೇಲೆ ವಾಪಸ್.

ಶನಿವಾರವನ್ನೂ ಸೇರಿಸಿ ಬೆರಳು ಮಡಚಿ ಎಣಿಸಿದೆ. ನಾಳೆಯೇ ಕೊನೆ.

೨೨ ನವೆಂಬರ್, ಬೆಳಿಗ್ಗೆ ೯:೨೦, ಪೋಸ್ಟ್ ಆಫೀಸಿನ ಬೆಂಚು

ಬಾಗಿಲು ತೆರೆಯುವ ಮೊದಲೇ ನಿಂತಿದ್ದೆ. ಚೀಟಿಗೆ ಇನ್ನೂ ಹಿಟ್ಟು ಮೆತ್ತಿತ್ತು. ಕೌಂಟರಿನಾಕೆ ಮೂಸಿ ನೋಡಿದಳು. ಲಕೋಟೆ ಕೊಟ್ಟಳು. ಅಡ್ಡಾದಿಡ್ಡಿ ಹರಿದೆ. ಮೂರು ಸಲ ಓದಿದೆ. ‘ಗೆಶ್ಟಾಟೆಟ್’ ಇದೆ. ಅದರ ಹಿಂದೆ ‘ನಿಖ್ಟ್’ ಇಲ್ಲ. ಎಲ್ಲೂ ಇಲ್ಲ, ಕಾಗದ ತಿರುವಿಯೂ ನೋಡಿದೆ.

ಇವರಿಗೆ ಫೋನ್ ಮಾಡಿದೆ. ಹಿಟ್ಟಿನ ಡಬ್ಬಿಯದೂ ಹೇಳಿದೆ. ಇವರು ಕೇಳಿದ್ದು ಒಂದೇ, “ಇನ್ನೂ ಏನೇನ ಐತಿ ಆ ಡಬ್ಬಿಯೊಳಗ?”

೨ ಡಿಸೆಂಬರ್, ಮಧ್ಯಾಹ್ನ ೩

ಸಂಜೆ ಮೊದಲ ಭಾಷಣ. ಹದಿನಾಲ್ಕು ಜನ, ಐದು ಜೋಡಿ ಹನಿಮೂನಿನವರು. ಬೆಟ್ಟದಿಂದ ಹಾರಿದವರ ಕಥೆ ಬಿಡಬಹುದಲ್ಲ ಎಂದರು ಫ್ರಾವ್ ಬ್ರುಕ್ನರ್. ಬಿಡುವುದಿಲ್ಲ ಎಂದೆ. ಆ ಹೋಟೆಲಿನಲ್ಲಿ ಮಲಗುವವರು ಬೆಳಿಗ್ಗೆ ಒಮ್ಮೆ ತಲೆ ಎತ್ತಿ ಆ ಬೆಟ್ಟ ನೋಡಲಿ. ನಕ್ಕು ಒಪ್ಪಿದರು.

ಇಳಕಲ್ ಸೀರೆ ಇಸ್ತ್ರಿಯಾಯಿತು. ಟಿವಿ ಫಾರ್ಮೂ ತುಂಬಿಟ್ಟೆ. ಫೀ ಕಟ್ಟುತ್ತೇನೆ ಎಂದದ್ದಕ್ಕೆ ಗೌರಕ್ಕ ಎರಡು ದಿನದಿಂದ ಮಾತು ಬಿಟ್ಟಿದ್ದಾರೆ.

ಬೆಲ್ಲು.

ಮೇಲೆ ಗೌರಕ್ಕನ ಟಿವಿ ಗಪ್ಪೆಂದಿತು. ನಮ್ಮದು ಓಡುತ್ತಿರಲಿ. ಯಾರೇ ಆಗಿರಲಿ, ಬಾಗಿಲು ತೆಗೆಯುತ್ತೇನೆ. ಬಂದೆ, ಬಂದೆ...