ಬಲಗಡೆಯ ಮರಳು

ಫೆಬ್ರವರಿ 5, ಬೆಳಿಗ್ಗೆ

ಮತ್ತೆ ಗಾಲ್ಫ್ ಕೋರ್ಸಿನ ನಾಲ್ಕನೇ ಹೋಲ್. ಮೊದಲ ಏಟು ಎಂದಿನಂತೆ ಎಡಕ್ಕೆ ವಾಲಿತು. ಅಲ್ಲಿ ಹುಲ್ಲು ಬೇಕಾದಷ್ಟಿದೆ, ಚಿಂತೆಯಿಲ್ಲ. ಆಹಾ, ಎಂಥ ಹೋಲ್ ಮಾಡಿದ್ದೇನೆ! ಹೊಗಳಲು ಯಾರೂ ಇಲ್ಲದಿದ್ದರೆ ನಾನೇ ಇದ್ದೇನಲ್ಲ.

ಇಷ್ಟು ವರ್ಷ ಬೇರೆಯವರ ಹೆಸರಿಗೆ ನಕ್ಷೆ ಬರೆದದ್ದಾಯಿತು. ಈ ಒಂಬತ್ತು ಹೋಲ್ ಮಾತ್ರ ನನ್ನವೇ. ಜಾಗದ ಯಜಮಾನರಿಗೆ ಹಿಡಿಸಿದರೆ ಗುಡ್ಡದಾಚೆಯ ಒಂಬತ್ತೂ ನನಗೇ. ಭಾನುವಾರ ಗೆಳೆಯರ ಜೊತೆ ಆಡಲು ಬರುತ್ತಾರೆ.

ಫೆಬ್ರವರಿ 8

ಮಾನ ಹೋಯಿತು. ನಾಲ್ಕನೇ ಹೋಲ್‌ನಲ್ಲಿ ಬಂದ ನಾಲ್ಕೂ ಜನರ ಚೆಂಡು, ನಾನು ತಡೆಗೆಂದು ಇಟ್ಟ ಬಲಗಡೆಯ ಮರಳುಗುಂಡಿಗೆ. ಮುಂದಿನ ಹೋಲ್‌ನಲ್ಲೂ ಅದೇ ಕಥೆ. ಯಜಮಾನರು ಶೂ ಬಿಚ್ಚಿ ಮರಳು ಕೊಡವುತ್ತ, "ಏನ್ ಮೇಡಂ, ನಮ್ಮನ್ನೆಲ್ಲ ಇಲ್ಲೇ ಹೂತುಬಿಡೋ ಪ್ಲಾನಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಹಲ್ಲು ಕಚ್ಚಿಕೊಂಡು.

ಹೊರಡುವಾಗ — "ಗುಡ್ಡದಾಚೆ ಕೆಲಸಕ್ಕೆ ಬೇರೆಯವರನ್ನೂ ಒಂದ್ಸಲ ಕೇಳ್ತೀನಿ."

ಅವರಿಗೆ ಆಡಲು ಬಾರದು, ಬೈಗುಳ ನನ್ನ ಹೋಲ್‌ಗೆ!

ಫೆಬ್ರವರಿ 9

ಮುಖ ಊದಿಸಿಕೊಂಡು ಕೂತಿದ್ದೆ. ಪಾಪ, ನಮ್ಮ ಮನೆಯವರೇ ಅಡುಗೆಗೆ ನಿಂತರು. ಒಳಗಿನಿಂದ ಕೂಗು: "ಏನೇ ಇದು, ಸೌಟು, ಚಾಕು, ಉಪ್ಪು... ಎಲ್ಲಾ ನಿನ್ನ ಎಡಗೈಗೇ ಜೋಡಿಸಿಟ್ಟಿದ್ದೀಯ! ನಾನೇನ್ ಉಲ್ಟಾ ತಿರುಗಿ ನಿಂತ್ಕೊಂಡು ಬೇಯಿಸ್ಲಾ?"

ಅಯ್ಯೋ, ನನ್ನ ಬುದ್ಧಿಗಿಷ್ಟು! ಎಡಚಿ ನಾನು. ನನ್ನ ತಪ್ಪೇಟು ಎಡಕ್ಕೆ ಹೋಗುತ್ತದೆ, ಬಲಗೈಯವರದು ಬಲಕ್ಕೆ. ಹುಲ್ಲೆಲ್ಲ ಎಡಕ್ಕೆ ಬಿಟ್ಟೆ, ಮರಳೆಲ್ಲ ಬಲಕ್ಕೆ ಸುರಿದೆ. ನನಗೊಬ್ಬಳಿಗೇ ಕೋರ್ಸ್ ಕಟ್ಟಿಕೊಂಡೆ.

ಫೆಬ್ರವರಿ 11

ಯಜಮಾನರಿಗೆ ಫೋನ್ ಮಾಡಿ ಇದ್ದದ್ದು ಇದ್ದಹಾಗೆ ಹೇಳಿದೆ. ಆ ಕಡೆ ಜೋರು ನಗು — "ಹಂಗಾದ್ರೆ ನಾನ್ ಅಷ್ಟೇನ್ ಕೆಟ್ಟದಾಗಿ ಆಡಲ್ಲ ಅಂತಾಯ್ತು! ಮೊದ್ಲು ನಾಲ್ಕನೇದು ಸರಿ ಮಾಡಿ ತೋರ್ಸಿ. ಗುಡ್ಡದ ಮಾತು ಆಮೇಲೆ."

ಬದುಕಿದೆ.

ಫೆಬ್ರವರಿ 14

ಬಲಗೈಯವರು ಬೀಸುವ ಕ್ಲಬ್ ಕಡ ತಂದು ಆಡಿದೆ. ಮೊದಲ ಏಟು ಗಾಳಿಗೆ, ಎರಡನೆಯದು ಮಣ್ಣಿಗೆ. ಹುಲ್ಲು ಕತ್ತರಿಸುವವರು ಮೆಷಿನ್ ನಿಲ್ಲಿಸಿ ನೋಡಿದರು. ನೋಡಲಿ. ಚೆಂಡು ಬಿದ್ದಲ್ಲೆಲ್ಲ ಬಾವುಟ ನೆಟ್ಟೆ — ಎಲ್ಲ ಬಲಕ್ಕೇ. ನನ್ನದೇ ಹೋಲ್, ಮೊದಲ ಸಲ ಕಂಡಂತಾಯಿತು.

ಏಪ್ರಿಲ್ 12

ಬಲಗುಂಡಿ ಅರ್ಧ ಮುಚ್ಚಿದ್ದಾಯಿತು. ಹುಲ್ಲು ಚೆನ್ನಾಗಿ ಹಿಡಿದಿದೆ. ಎಡಕ್ಕೊಂದು ಹೊಸ ಗುಂಡಿ — ನನಗೆ. ನ್ಯಾಯ ಅಂದರೆ ನ್ಯಾಯ.

ಯಜಮಾನರು ಒಬ್ಬರೇ ಬಂದಿದ್ದಾರೆ. ಮೊದಲ ಚೆಂಡು ಬಲಕ್ಕೆ ಹೋಗಿ ಹುಲ್ಲಿನಲ್ಲೇ ನಿಂತಿತು. ಇನ್ನೊಂದು ಇಟ್ಟುಕೊಂಡರು. ಮತ್ತೊಂದು. ನಾನು ಬೆಂಚಿನ ಮೇಲೆ ಕೂತು ಇದನ್ನು ಗೀಚುತ್ತಿದ್ದೇನೆ, ಇಲ್ಲದಿದ್ದರೆ ಉಗುರು ಕಚ್ಚುತ್ತಿದ್ದೆ.

ಈಗ ಕ್ಲಬ್ ಕೆಳಗಿಟ್ಟರು. ಗುಡ್ಡದ ಕಡೆ ನೋಡುತ್ತಿದ್ದಾರೆ. "ಮೇಡಂ, ಬಿಸಿಲೇರೋಕ್ ಮುಂಚೆ ಆ ಕಡೆ ಒಂದ್ ಸುತ್ತು ನಡ್ಕೊಂಡ್ ಬರೋಣ್ವಾ? ನಿಮ್ಮ ಅಳತೆ ಟೇಪೂ ತಗೊಳ್ಳಿ."

ಟೇಪ್ ಕಾರಿನಲ್ಲಿದೆ. ಕೀ ಎಲ್ಲಿಟ್ಟೆ... ಸಿಕ್ಕಿತು, ಎಡಜೇಬಿನಲ್ಲೇ. ಹೊರಟೆ.