ಹಿಮದಲ್ಲಿ ಸೊಳ್ಳೆ

ಡೆಲವೇರ್ ನದಿಯ ದಂಡೆ, ಪೆನ್ಸಿಲ್ವೇನಿಯಾ
ಜನವರಿ ೧೬, ೧೯೧೩

ಅಮ್ಮಾ,

ಇವತ್ತು ಬೆಳಿಗ್ಗೆ ಅಪ್ಪನ ಹೊಸ ಚಿತ್ರದ ಹಿಮದಲ್ಲಿ ಒಂದು ಸೊಳ್ಳೆ ಕಂಡೆ. ಹಸಿ ಬಣ್ಣಕ್ಕೆ ಅಂಟಿಕೊಂಡಿತ್ತು. ಹೊರಗೆ ನದಿಯೇ ಹೆಪ್ಪುಗಟ್ಟಿದೆ. ಜನವರಿಯಲ್ಲಿ ಎಲ್ಲಿಯ ಸೊಳ್ಳೆ?

ಬೇಸಿಗೆಯಲ್ಲಿ ಚಿತ್ರ ಕೊಂಡ ಪೆಲ್ ಅವರು ಅದರ ಆಕಾಶದಲ್ಲಿ ಸಿಕ್ಕಿಬಿದ್ದ ಹುಳು ನೋಡಿ ಮಗುವಿನಂತೆ ಕುಣಿದಿದ್ದರು. ಬಯಲಲ್ಲಿ ನಿಂತೇ ಬರೆದದ್ದಕ್ಕೆ ಇದೇ ಸಾಕ್ಷಿಯಂತೆ. ಶನಿವಾರ ಮತ್ತೆ ಬರುತ್ತಾರೆ. ಅವರು ಈ ಹಿಮದ ಚಿತ್ರ ಕೊಂಡರೆ ಅಪ್ಪ ಕ್ಯಾಲಿಫೋರ್ನಿಯಾಕ್ಕೆ ಹೊರಡುತ್ತಾನೆ. "ಇಲ್ಲಿಯ ಬೆಳಕು ಮುಗೀತು ಕಣೇ, ಗಂಟು ಕಟ್ಟು" ಎನ್ನುತ್ತಿದ್ದಾನೆ. ಈ ಮಾತು ನಿನಗೆ ಹೊಸದಲ್ಲ. ನೀನು ಮಿನಿಯಾಪೊಲಿಸ್‌ನಲ್ಲೇ ಉಳಿದುಬಿಟ್ಟೆ. ನಾನು ಊರಿಂದೂರಿಗೆ ಅವನ ಬಣ್ಣದ ಪೆಟ್ಟಿಗೆ ಹೊತ್ತೆ.

ಅಪ್ಪ ದಿನವೂ ಜಾರುಬಂಡಿಗೆ ಚಿತ್ರ ಕಟ್ಟಿಕೊಂಡು ನದಿಗೆ ಹೋಗುತ್ತಾನೆ. ಇವತ್ತು ಹಿಂದೆಯೇ ಹೋದೆ. ನದಿಯ ಹತ್ತಿರ ಯಾರೂ ಇಲ್ಲ. ಕಾಲುವೆ ಕಾಯುವ ಎಬೆನ್ ಮುದುಕ ತನ್ನ ಗುಡಿಸಲಿನ ಬಾಗಿಲಲ್ಲಿ ನಿಂತು ನಕ್ಕ: "ಬಾ ತಾಯಿ, ನಿಮ್ಮಪ್ಪ ನನ್ನ ಒಲೆ ಮುಂದೆ ಹಿಮ ಬೀಳಿಸ್ತಾ ಕೂತವ್ರೆ. ನಾರ್ವೆಯವ್ರಿಗೂ ಚಳಿ ಆಯ್ತದೆ ಅಂತ ಈಗ್ಲೇ ಗೊತ್ತಾಗಿದ್ದು!"

ಅಪ್ಪ ಚಳಿಗೆ ಸೆಟೆದ ಬೆರಳುಗಳನ್ನು ತೋರಿಸಿದ. ಸೊಳ್ಳೆಯ ಮಾತೆತ್ತಿದೆ. "ಕಿಟಕಿ ಮೂಲೇಲಿ ಸತ್ತು ಬಿದ್ದಿತ್ತು. ಪೆಲ್‌ಗೆ ಹುಳ ಬೇಕು, ಕೊಟ್ಟೆ" ಎಂದ.

"ಹಿಮಕ್ಕೆ ಸೊಳ್ಳೆ ಕೂರಿಸಿದ್ದೀಯಲ್ಲಪ್ಪಾ!"

ಅವನಿಗೇ ನಗು ಬಂತು. ನನಗೆ ಬರಲಿಲ್ಲ. ಚಿತ್ರವನ್ನೇ ನೋಡುತ್ತಿದ್ದೆ. ಇಲ್ಲಿಯ ಗುಡ್ಡಗಳು ಮಲಗಿದ ದನದ ಬೆನ್ನಿನಂತಿವೆ. ಚಿತ್ರದ ಬೆಟ್ಟ ನೀರಿನಿಂದ ನೆಟ್ಟಗೆ ಎದ್ದು ನಿಂತಿತ್ತು. ಅದು ನಾರ್ವೆಯಲ್ಲಿ ನಾವು ಹಡಗು ಹತ್ತಿದ ಊರಿನ ಬೆಟ್ಟ. ಹಿಂದಿನ ಚಿತ್ರಗಳನ್ನೆಲ್ಲ ನೆನೆದೆ. ಪ್ರತಿಯೊಂದರಲ್ಲೂ, ದೂರದಲ್ಲಿ, ಮಂಜಿನ ಮರೆಯಲ್ಲಿ, ಅದೇ ಬೆಟ್ಟ.

ಕ್ಯಾಲಿಫೋರ್ನಿಯಾಕ್ಕೂ ಅದೇ ಬರುತ್ತದೆ, ಅಮ್ಮಾ.

ಸಂಜೆ ಸೂಜಿಯಿಂದ ಸೊಳ್ಳೆಯನ್ನು ತೆಗೆದೆ. ಎಲ್ಲಿ ಕೂತು ಬರೆದಿರಿ ಎಂದು ಪೆಲ್ ಕೇಳಿದರೆ ಅಪ್ಪನೇ ಹೇಳಲಿ. ಇಲ್ಲಿಯ ಶಾಲೆಯವರು ಪಾಠ ಹೇಳಲು ಕರೆದಿದ್ದರು. ಬರುತ್ತೇನೆ ಎಂದು ಹೇಳಿಬಂದೆ. ಅಪ್ಪನಿಗೆ ಇನ್ನೂ ತಿಳಿಸಿಲ್ಲ. ಅವನ ಗಂಟು ಕಟ್ಟಿಕೊಡುತ್ತೇನೆ. ನನ್ನದು ಕಟ್ಟುವುದಿಲ್ಲ.

ನಿನ್ನ
ಸಿಗ್ರುನ್

ಒಂದು ಬಿಟ್ಟುಹೋಯಿತು: ಚಿತ್ರದ ಬೆಟ್ಟದ ಬುಡದಲ್ಲಿ ಒಂದು ಮನೆಯಿದೆ, ಅದರ ಒಂದೇ ಕಿಟಕಿಯಲ್ಲಿ ಹಳದಿ ದೀಪ. ಯಾರ ಮನೆ ಎಂದು ಕೇಳಿದೆ. "ನಿಮ್ಮಮ್ಮನ್ನ ಕೇಳು" ಎಂದು ಒಲೆಯ ಕಡೆ ತಿರುಗಿ ಕೂತ. ಕೇಳುತ್ತಿದ್ದೇನೆ.